ವಿಹಾರಕ್ಕೆಂದು ಉಳಿಸಿಕೊಂಡ ಒಂದು ಮಣ್ಣಿನ ಕಟ್ಟೆ: ಸೌತ್ ಫೋರ್ಕ್, 1838–1889

ಮಣ್ಣಿನ ಕಟ್ಟೆಯೊಂದರ ರಚನೆಯನ್ನು ವಿವರಿಸಲು ಕನ್ನಡದಲ್ಲಿ ಹೊಸ ಪರಿಭಾಷೆಯನ್ನು ಸೃಷ್ಟಿಸಬೇಕಾದ ಅಗತ್ಯವಿಲ್ಲ. ನೀರನ್ನು ತಡೆದು ನಿಲ್ಲಿಸುವುದು ಏರಿ. ಬೇಕಾದಾಗ ಬೇಕಾದಷ್ಟು ನೀರನ್ನು ಹೊರಕ್ಕೆ ಬಿಡುವುದು ತೂಬು. ಕೆರೆ ತುಂಬಿದ ಮೇಲೆ ಹೆಚ್ಚಾದ ನೀರು ಏರಿಯನ್ನು ಮುಟ್ಟದೆ ಪಕ್ಕದಿಂದ ಹರಿದು ಹೋಗುವ ದಾರಿ ಕೋಡಿ. ಈ ಮೂರರ ಪರಸ್ಪರ ಸಂಬಂಧವನ್ನು ನಮ್ಮ ಹಳ್ಳಿಗಳ ನೀರುಗಂಟಿಗಳು ಪುಸ್ತಕದ ನೆರವಿಲ್ಲದೆ ಅರಿತಿದ್ದರು. ಕೆರೆ ಕೋಡಿ ಬಿದ್ದುದು ಊರಿಗೆ ಸಂತೋಷದ ಸಂಗತಿ. ನೀರು ಏರಿಯ ಮೇಲೆ ಹತ್ತಿದುದು ಊರಿಗೇ ಕೇಡು. ಮಣ್ಣಿನ ಏರಿ ತನ್ನ ಮೈಯ ಮೇಲೆ ನೀರಿನ ಹರಿವನ್ನು ತಾಳಲಾರದು. ಕಲ್ಲುಕಟ್ಟಡದ ಅಣೆಕಟ್ಟಿಗೂ ಅದಕ್ಕೂ ಇರುವ ಮುಖ್ಯವಾದ ಭೇದ ಇದೇ.

ಪ್ರಕೃತ ಲೇಖನದಲ್ಲಿ ನಾವು ಪರಿಶೀಲಿಸುವುದು ನಮ್ಮ ದೇಶದ ಕೆರೆಯನ್ನಲ್ಲ. ಅಮೆರಿಕ ಸಂಯುಕ್ತ ಸಂಸ್ಥಾನದ ಪೆನ್ಸಿಲ್ವೇನಿಯ ರಾಜ್ಯದಲ್ಲಿ, ಲಿಟ್ಲ್ ಕಾನಮಾ ನದಿಯ ಸೌತ್ ಫೋರ್ಕ್ ಎಂಬ ಕವಲಿನ ಮೇಲೆ ನಿಂತಿದ್ದ ಒಂದು ಮಣ್ಣಿನ ಕಟ್ಟೆಯನ್ನು. 1889ರ ಮೇ 31ರಂದು ಈ ಕಟ್ಟೆ ಒಡೆದು, 14 ಮೈಲಿ ಕೆಳಗಿದ್ದ ಜಾನ್ಸ್‌ಟೌನ್ ಪಟ್ಟಣದಲ್ಲಿಯೂ ಅದರ ಮೇಲಣ ಕಣಿವೆಯಲ್ಲಿಯೂ 2,209 ಜನ ಮಡಿದರು. ದುರಂತದ ಕಥೆ ಅನೇಕ ಗ್ರಂಥಗಳಲ್ಲಿ ವರ್ಣಿತವಾಗಿದೆ. ನಮಗೆ ಮುಖ್ಯವಾದುದು ಅದಕ್ಕೆ ಹಿಂದಿನ ಐವತ್ತು ವರ್ಷಗಳ ಚರಿತ್ರೆ. ಸಾರ್ವಜನಿಕ ಪ್ರಯೋಜನಕ್ಕಾಗಿ ಹುಟ್ಟಿದ ಕಟ್ಟೆ ಕೆಲವೇ ಜನರ ವಿಹಾರಸ್ಥಾನವಾಗಿ ಪರಿಣಮಿಸಿದ ರೀತಿ. ಆ ಪರಿವರ್ತನೆಯಲ್ಲಿ ಏರಿ, ತೂಬು, ಕೋಡಿಗಳಿಗೆ ಒದಗಿದ ಗತಿ.

ಕಟ್ಟೆಯನ್ನು ಕಟ್ಟಿಸಿದುದು ಪೆನ್ಸಿಲ್ವೇನಿಯದ ಸರಕಾರ. ಫಿಲಡೆಲ್ಫಿಯದಿಂದ ಪಿಟ್ಸ್‌ಬರ್ಗಿಗೆ ಸರಕನ್ನು ಸಾಗಿಸಲು ಆ ರಾಜ್ಯವು ಕಾಲುವೆಗಳನ್ನೂ ಬೆಟ್ಟದ ಮೇಲಿನ ಹಳಿದಾರಿಯನ್ನೂ ಜೋಡಿಸಿ ಒಂದು ಮಾರ್ಗವನ್ನು ನಿರ್ಮಿಸಿತ್ತು. ಬೇಸಗೆಯಲ್ಲಿ ಜಾನ್ಸ್‌ಟೌನಿನ ಪಶ್ಚಿಮಕ್ಕಿದ್ದ ಕಾಲುವೆಯಲ್ಲಿ ನೀರು ಬತ್ತಿ ದೋಣಿಗಳು ನಿಲ್ಲುತ್ತಿದ್ದುವು. ಈ ಕೊರತೆಯನ್ನು ನೀಗಲು 1838ರಲ್ಲಿ ಕಟ್ಟೆಯ ಕೆಲಸ ಆರಂಭವಾಯಿತು. ಹಣವಿಲ್ಲದೆ 1842ರಲ್ಲಿ ನಿಂತಿತು. 1851ರಲ್ಲಿ ಪುನಃ ಕೈಗೊಳ್ಳಲ್ಪಟ್ಟು 1853ರ ವೇಳೆಗೆ ಮುಗಿಯಿತು. ಆದರೆ ಅಷ್ಟರಲ್ಲಿ ಪೆನ್ಸಿಲ್ವೇನಿಯ ರೈಲ್ವೆ ಕಂಪನಿಯ ದಾರಿ ಬೆಟ್ಟವನ್ನು ದಾಟಿ ಪಿಟ್ಸ್‌ಬರ್ಗನ್ನು ತಲುಪಿತ್ತು. ಕಾಲುವೆಗಾಗಿ ಕಟ್ಟಿದ ಕಟ್ಟೆ ಮುಗಿಯುವ ಹೊತ್ತಿಗೆ ಕಾಲುವೆಯೇ ನಿರುಪಯುಕ್ತವಾಗಿದ್ದುದು ವಿಚಿತ್ರವಾದರೂ ನಿಜ. 1857ರಲ್ಲಿ ರಾಜ್ಯವು ಇಡೀ ಮಾರ್ಗವನ್ನು ಅದೇ ರೈಲ್ವೆ ಕಂಪನಿಗೆ 75 ಲಕ್ಷ ಡಾಲರುಗಳಿಗೆ ಮಾರಿತು. ಮಾರಾಟದ ಇತರ ವಸ್ತುಗಳೊಡನೆ ಕಟ್ಟೆಯೂ ಖಾಸಗಿ ಒಡೆತನಕ್ಕೆ ಸಂದಿತು.

ಮೂಲ ರಚನೆ ಕೆಟ್ಟುದಾಗಿರಲಿಲ್ಲವೆಂಬುದನ್ನು ಇಲ್ಲಿ ಸ್ಪಷ್ಟಪಡಿಸುವುದು ಅವಶ್ಯಕ. ಏರಿಯ ಎತ್ತರ 72 ಅಡಿ, ಉದ್ದ 900 ಅಡಿಗೂ ಮೇಲೆ, ಬುಡದ ದಪ್ಪ ಸುಮಾರು 270 ಅಡಿ. ನೀರಿನ ಕಡೆಗೆ ಜೇಡಿಮಣ್ಣನ್ನು ಪದರಪದರವಾಗಿ ಹಾಸಿ, ನೀರು ಹಾಯಿಸಿ ಗಟ್ಟಿಮಾಡಿದ್ದರು. ಹೊರಮೈಗೆ ಕಲ್ಲುಗಳನ್ನು ಹೊದಿಸಿದ್ದರು. ಬುಡದಲ್ಲಿ ಕಲ್ಲುಕಟ್ಟಡದ ಒಂದು ಮೋರಿ. ಅದರೊಳಗೆ ಎರಡು ಅಡಿ ವ್ಯಾಸದ ಐದು ಎರಕದ ಕಬ್ಬಿಣದ ಕೊಳವೆಗಳು. ಇದೇ ಈ ಕಟ್ಟೆಯ ತೂಬು. ಪೂರ್ವದ ತುದಿಯಲ್ಲಿ ಬಂಡೆಯನ್ನು ಕಡಿದು ಮಾಡಿದ, ಸುಮಾರು 70 ಅಡಿ ಅಗಲದ ಕೋಡಿ. ಪಶ್ಚಿಮದ ತುದಿಯಲ್ಲಿ ನೆಲ ಏರಿಯ ನೆತ್ತಿಗಿಂತ ತುಸು ತಗ್ಗಾಗಿದ್ದುದರಿಂದ ಅತಿವೃಷ್ಟಿಯ ಕಾಲದಲ್ಲಿ ಅದೂ ಒಂದು ಎರಡನೆಯ ಕೋಡಿಯಂತೆ ಕೆಲಸ ಮಾಡಬಲ್ಲುದಾಗಿತ್ತು. ಈ ಎರಡನೆಯ ಕೋಡಿಯ ಮಾತನ್ನು ಓದುಗರು ನೆನಪಿನಲ್ಲಿಡಬೇಕು.

ರೈಲ್ವೆ ಕಂಪನಿಗೆ ಕಟ್ಟೆಯಿಂದ ಏನೂ ಪ್ರಯೋಜನವಿರಲಿಲ್ಲವಾಗಿ ಅದರ ಪಾಲನೆಯನ್ನು ಯಾರೂ ವಿಚಾರಿಸಲಿಲ್ಲ. 1862ರಲ್ಲಿ ಮೋರಿಯ ಬಳಿ ಏರಿ ಕುಸಿದು ಗಂಡಿ ಬಿದ್ದಿತು. ಕೆರೆಯಲ್ಲಿ ನೀರು ಕಡಮೆಯಿದ್ದುದರಿಂದ ಹೆಚ್ಚಿನ ಹಾನಿಯಾಗಲಿಲ್ಲ. ಆ ಗಂಡಿಯನ್ನು ಹದಿನೇಳು ವರ್ಷಗಳ ಕಾಲ ಯಾರೂ ಮುಚ್ಚಲಿಲ್ಲ. 1875ರಲ್ಲಿ ಜಾನ್ ರೈಲಿ ಎಂಬ ಕಾಂಗ್ರೆಸ್ ಸದಸ್ಯನು ಇದನ್ನು 2,500 ಡಾಲರಿಗೆ ಕೊಂಡನು; ನಾಲ್ಕು ವರ್ಷದ ಮೇಲೆ 2,000 ಡಾಲರಿಗೆ ಮಾರಿದನು. ತಾನು ಕಳೆದುಕೊಂಡ ಹಣವನ್ನು ತುಂಬಿಕೊಳ್ಳಲೋ ಎಂಬಂತೆ, ಮಾರುವ ಮೊದಲು ಐದು ಕಬ್ಬಿಣದ ಕೊಳವೆಗಳನ್ನು ಕೀಳಿಸಿ ಗುಜರಿಯ ಬೆಲೆಗೆ ಕೊಟ್ಟುಬಿಟ್ಟನು. ಕಟ್ಟೆಯ ತೂಬು ಹೀಗೆ ಹೋಯಿತು.

ಕೊಂಡವನು ಬೆಂಜಮಿನ್ ರಫ್. ರೈಲುದಾರಿಯ ಸುರಂಗಗಳ ಗುತ್ತಿಗೆ, ಕಲ್ಲಿದ್ದಲಿನ ದಲ್ಲಾಳಿತನ, ಜಮೀನಿನ ಮಾರಾಟ ಮುಂತಾದ ವೃತ್ತಿಗಳಲ್ಲಿ ಪಳಗಿದವನು. ಪಿಟ್ಸ್‌ಬರ್ಗಿನ ಹೊಗೆಯಿಂದ ಬೇಸತ್ತ ಶ್ರೀಮಂತರಿಗೆ ಬೆಟ್ಟದ ಮೇಲೆ ಒಂದು ತಣ್ಣನೆಯ ಸರೋವರ ಬೇಕೆಂಬುದನ್ನು ಅವನು ಕಂಡುಕೊಂಡನು. 1879ರಲ್ಲಿ ‘ಸೌತ್ ಫೋರ್ಕ್ ಮೀನುಗಾರಿಕೆ ಮತ್ತು ಬೇಟೆಯ ಕ್ಲಬ್’ ಸ್ಥಾಪಿತವಾಯಿತು. ಅದರ ಸದಸ್ಯರ ಸಂಖ್ಯೆ ಮುಂದೆ ಸುಮಾರು ಅರವತ್ತನ್ನು ಮುಟ್ಟಿತು. ಉಕ್ಕಿನ ಉದ್ಯಮದ ಆಂಡ್ರ್ಯೂ ಕಾರ್ನೆಗಿ, ಹೆನ್ರಿ ಕ್ಲೇ ಫ್ರಿಕ್, ಮುಂದೆ ದೇಶದ ಅರ್ಥಮಂತ್ರಿಯಾದ ಆಂಡ್ರ್ಯೂ ಮೆಲನ್, ನ್ಯಾಯವಾದಿ ಫಿಲ್ಯಾಂಡರ್ ನಾಕ್ಸ್ ಮೊದಲಾದವರು ಅದರಲ್ಲಿದ್ದರು. 47 ಕೋಣೆಗಳ ಕ್ಲಬ್ಬಿನ ಭವನ, ದಡದುದ್ದಕ್ಕೆ ಹದಿನಾರು ವಿಹಾರಗೃಹಗಳು, ಉಗಿದೋಣಿಗಳು. ಎರಡು ಮೈಲಿ ಉದ್ದದ ‘ಕಾನಮಾ ಸರೋವರ’.

ಸರೋವರ ತುಂಬಬೇಕಾದರೆ ಗಂಡಿಯನ್ನು ಮುಚ್ಚಬೇಕಷ್ಟೆ. ಆ ಕೆಲಸ 1879ರಿಂದ 1881ರವರೆಗೆ ನಡೆಯಿತು. ಅದನ್ನು ನಡೆಸಿದವನು ಎಂಜಿನಿಯರನಲ್ಲ. ಮೋರಿಯ ಬಾಯಿಯನ್ನು ಮರದ ಹಲಗೆಗಳಿಂದ ಮುಚ್ಚಿ, ಗಂಡಿಗೆ ಮಣ್ಣು, ಕಲ್ಲು, ಪೊದೆ, ಹುಲ್ಲು, ಕುದುರೆಯ ಲದ್ದಿ ಇವೆಲ್ಲವನ್ನು ಸುರಿದರು. ಮೂಲ ಏರಿಯಂತೆ ಪದರಪದರವಾಗಿ ಮಣ್ಣನ್ನು ಗಟ್ಟಿಸಲಿಲ್ಲ. ಪರಿಣಾಮವಾಗಿ ಏರಿಯ ನಡುಭಾಗ ಕ್ರಮೇಣ ತುಸು ಜಗ್ಗಿತು. ಏರಿಯೊಂದರಲ್ಲಿ ತುದಿಗಳಿಗಿಂತ ನಡು ಎತ್ತರವಾಗಿರಬೇಕೇ ಹೊರತು ತಗ್ಗಾಗಿರಬಾರದು; ಏಕೆಂದರೆ ನೀರು ಮೇಲೆ ಹತ್ತುವ ಮೊದಲ ಜಾಗ ಅತ್ಯಂತ ತಗ್ಗಿನ ಜಾಗ, ಏರಿಯ ಕೆಳಗಿನ ಕಣಿವೆ ಅತ್ಯಂತ ಆಳವಾಗಿರುವುದೂ ನಡುವಿನಲ್ಲಿಯೇ.

ಇದಕ್ಕಿಂತ ಗಂಭೀರವಾದ ಬದಲಾವಣೆ ಮತ್ತೊಂದು. ಏರಿಯ ಮೇಲೆ ಎರಡು ಸಾರೋಟುಗಳು ಎದುರುಬದುರಾಗಿ ಸರಾಗವಾಗಿ ಹೋಗುವಂತೆ ದಾರಿ ಬೇಕೆಂದು ಅದರ ನೆತ್ತಿಯನ್ನು ಎರಡು ಮೂರು ಅಡಿಗಳಷ್ಟು ಕಡಿದು ಅಗಲಮಾಡಿದರು. ಕೋಡಿಯ ಮೇಲೆ ಒಂದು ಮರದ ಸೇತುವೆಯಾಯಿತು. ಈರಿ ಸರೋವರದಿಂದ ತರಿಸಿ ಬಿಟ್ಟಿದ್ದ ಬೆಲೆಬಾಳುವ ಬಾಸ್ ಮೀನುಗಳು ಕೋಡಿಯ ಮೂಲಕ ತಪ್ಪಿಸಿಕೊಂಡು ಹೋಗದಂತೆ ಸೇತುವೆಯ ಕಂಬಗಳ ನಡುವೆ ಕಬ್ಬಿಣದ ಜಾಲರಿಗಳನ್ನು ಕೂರಿಸಿದರು. ಮೂರು ಅಡಿ ಎಂಬುದು 72 ಅಡಿಯಲ್ಲಿ ಅಲ್ಪವೆಂದು ತೋರಬಹುದು. ಆದರೆ ಕೋಡಿಯ ಶಕ್ತಿಯನ್ನು ನಿರ್ಧರಿಸುವುದು ಏರಿಯ ಒಟ್ಟು ಎತ್ತರವಲ್ಲ. ಕೋಡಿಯ ತಳಕ್ಕೂ ಏರಿಯ ನೆತ್ತಿಗೂ ಇರುವ ಅಂತರ. ಆ ಅಂತರ 8 ಅಡಿಯಿದ್ದುದು 5 ಅಡಿಗೆ ಇಳಿಯಿತೆಂದು ಉದಾಹರಣೆಗಾಗಿ ಭಾವಿಸೋಣ. ಕೋಡಿಯ ಹರಿವು ನೀರಿನ ಆಳದ ಒಂದೂವರೆ ಘಾತಕ್ಕೆ ಅನುಗುಣವಾಗಿ ಹೆಚ್ಚುಕಡಮೆಯಾಗುವುದರಿಂದ, ಏರಿಯ ಮೇಲೆ ಹತ್ತದೆ ಹೊರಹೋಗಬಲ್ಲ ನೀರು ಹೆಚ್ಚು ಕಡಮೆ ಅರ್ಧಕ್ಕೆ ಇಳಿಯುತ್ತದೆ. ಅದರ ಮೇಲೆ ಮೀನಿನ ಜಾಲರಿ. ಪಶ್ಚಿಮದ ಎರಡನೆಯ ಕೋಡಿಯಂತೂ, ಏರಿಯ ನೆತ್ತಿಯೇ ಅದರ ಮಟ್ಟಕ್ಕೆ ಇಳಿದುದರಿಂದ, ಇದ್ದೂ ಇಲ್ಲದಂತಾಯಿತು.

ಇವನ್ನೆಲ್ಲ ಯಾರೂ ಗಮನಿಸಲಿಲ್ಲವೆಂದು ಹೇಳುವಂತಿಲ್ಲ. ಜಾನ್ಸ್‌ಟೌನಿನ ಜೀವನಾಡಿಯಾಗಿದ್ದ ಕೇಂಬ್ರಿಯ ಕಬ್ಬಿಣದ ಕಂಪನಿಯ ಮುಖ್ಯಸ್ಥ ಡೇನಿಯಲ್ ಮೊರೆಲ್ 1880ರ ನವೆಂಬರಿನಲ್ಲಿ ತನ್ನ ಎಂಜಿನಿಯರ್ ಜಾನ್ ಫುಲ್ಟನ್‌ನನ್ನು ಕಟ್ಟೆಯ ಪರೀಕ್ಷೆಗೆ ಕಳುಹಿಸಿದನು. ಫುಲ್ಟನ್ನನ ವರದಿ ಎರಡು ದೋಷಗಳನ್ನು ಎತ್ತಿ ತೋರಿಸಿತು: ನೀರನ್ನು ಇಳಿಸಲು ಕೊಳವೆಗಳಿಲ್ಲ, ಆದುದರಿಂದ ರಿಪೇರಿ ಮಾಡಬೇಕೆಂದರೂ ಸಾಧ್ಯವಿಲ್ಲ, ಹಳೆಯ ಗಂಡಿಯನ್ನು ಮುಚ್ಚಿದ ಕೆಲಸ ಭದ್ರವಲ್ಲ, ಅಲ್ಲಿ ನೀರು ಒಸರುತ್ತಿದೆ. ಇವುಗಳಲ್ಲಿ ಮೊದಲನೆಯ ಮಾತು ಬಹಳ ತೂಕದ್ದು. ತೂಬಿಲ್ಲದ ಕೆರೆಯಲ್ಲಿ ಏರಿಯ ರೋಗ ತಿಳಿದರೂ ಚಿಕಿತ್ಸೆ ಮಾಡುವಂತಿಲ್ಲ. ರಫ್ ಕೊಟ್ಟ ಉತ್ತರ, ತಮ್ಮ ಉದ್ಯಮದಿಂದ ಜಾನ್ಸ್‌ಟೌನಿನವರಿಗೆ ಯಾವ ಅಪಾಯವೂ ಇಲ್ಲವೆಂಬುದು. ಮೊರೆಲ್ ರಿಪೇರಿಯ ವೆಚ್ಚದಲ್ಲಿ ತಾನೂ ಪಾಲು ಕೊಡುವೆನೆಂದು ಬರೆದನು, ಕ್ಲಬ್ಬು ಒಪ್ಪಲಿಲ್ಲ. ಕಡೆಗೆ ಅವನು ತಾನೇ ಸದಸ್ಯತ್ವವನ್ನು ಕೊಂಡನು. ಒಳಗಿದ್ದುಕೊಂಡು ಕಣ್ಣಿಟ್ಟಿರುವ ಉದ್ದೇಶ ಇದ್ದಿರಬೇಕು. ಅವನು 1885ರಲ್ಲಿಯೂ ರಫ್ 1887ರಲ್ಲಿಯೂ ತೀರಿಕೊಂಡರು. ಅಪಾಯವನ್ನು ಕಂಡವನೂ ಇಲ್ಲ, ಇಲ್ಲವೆಂದು ಭರವಸೆಯಿತ್ತವನೂ ಇಲ್ಲ. ಕಟ್ಟೆ ಮಾತ್ರ ಇತ್ತು.

1889ರ ಮೇ 30ರ ರಾತ್ರಿಯಿಂದ ಆ ಪ್ರಾಂತದಲ್ಲಿ ಅಸಾಧಾರಣವಾದ ಮಳೆ ಬಿದ್ದಿತು. ಒಂದು ದಿನದಲ್ಲಿ ಆರರಿಂದ ಎಂಟು ಅಂಗುಲಗಳಷ್ಟೆಂದು ಲೆಕ್ಕಹಾಕಿದ್ದಾರೆ. 31ರ ಬೆಳಗ್ಗೆ ಸರೋವರ ಕಣ್ಣಿಗೆ ಕಾಣುವಂತೆ ಏರುತ್ತಿತ್ತು. ಕ್ಲಬ್ಬಿನ ಅಧ್ಯಕ್ಷ ಇಲಾಯಸ್ ಉಂಗರ್ ಹಾಗೂ ತರುಣ ಎಂಜಿನಿಯರ್ ಜಾನ್ ಪಾರ್ಕ್ ಅಲ್ಲಿದ್ದ ಕೂಲಿಗಳನ್ನು ಕೂಡಿಸಿದರು. ಕೆಲವರು ನೇಗಿಲಿನಿಂದಲೂ ಸಲಿಕೆಗಳಿಂದಲೂ ಏರಿಯ ನೆತ್ತಿಯ ಮೇಲೆ ಮಣ್ಣನ್ನು ಏರಿಸತೊಡಗಿದರು. ಕೆಲವರು ಪಶ್ಚಿಮದ ತುದಿಯಲ್ಲಿ ಹೊಸ ಕೋಡಿಯೊಂದನ್ನು ತೋಡಲು ಯತ್ನಿಸಿದರು, ಗಟ್ಟಿನೆಲ ಅಡ್ಡಬಂದಿತು. ಮೀನಿನ ಜಾಲರಿಗೆ ಮರದ ಕೊಂಬೆ, ಕಸಕಡ್ಡಿಗಳು ಸಿಕ್ಕಿ ಕೋಡಿ ಕಟ್ಟಿಕೊಂಡಿತ್ತು. ಅದನ್ನು ತೆಗೆಯಬೇಕೆಂದು ನಿಶ್ಚಯಿಸುವ ವೇಳೆಗೆ ತೆಗೆಯಲು ಬಾರದಷ್ಟು ಬಿಗಿದುಹೋಗಿತ್ತು. ಎಂಟು ವರ್ಷಗಳ ಹಿಂದೆ ತಾವೇ ತಗ್ಗಿಸಿದ ನೆತ್ತಿಯನ್ನು ಆ ಒಂದು ಮುಂಜಾನೆಯಲ್ಲಿ ಎತ್ತರಿಸಲು, ತಾವೇ ಇಲ್ಲವಾಗಿಸಿದ ಎರಡನೆಯ ಕೋಡಿಯನ್ನು ತೋಡಲು, ತಾವೇ ನಿಲ್ಲಿಸಿದ ಜಾಲರಿಯನ್ನು ಕೀಳಲು ಅವರು ಹೆಣಗಿದರು. ಕೀಳಲು ಯತ್ನಿಸಬಹುದಾಗಿದ್ದ ತೂಬಿನ ಬಾಗಿಲೊಂದೇ ಅಲ್ಲಿರಲಿಲ್ಲ.

ಪಾರ್ಕ್ ಕುದುರೆಯೇರಿ ಸೌತ್ ಫೋರ್ಕ್ ಹಳ್ಳಿಗೆ ಹೋಗಿ ತಂತಿಯ ಮೂಲಕ ಎಚ್ಚರಿಕೆ ಕಳುಹಿಸಿದನು. ತಂತಿಗಳು ಅಲ್ಲಲ್ಲಿ ಕಡಿದಿದ್ದರೂ ಸುದ್ದಿ ಜಾನ್ಸ್‌ಟೌನನ್ನು ಮುಟ್ಟದೆ ಹೋಗಲಿಲ್ಲ. ಕೇಳಿದವರು ನಂಬಲಿಲ್ಲ, ಪ್ರತಿವರ್ಷವೂ ಮಳೆಗಾಲದಲ್ಲಿ ಕಟ್ಟೆ ಒಡೆಯುವುದೆಂಬ ವದಂತಿ ಹುಟ್ಟಿ ಸುಳ್ಳಾಗುತ್ತಿತ್ತು. ಅಲ್ಲದೆ ಪಟ್ಟಣದ ಬೀದಿಗಳಲ್ಲಿ ಆಗಲೇ ನದಿಯ ನೀರು ನುಗ್ಗಿ, ಜನ ತಮ್ಮ ಸಾಮಾನುಗಳನ್ನು ಮಹಡಿಗೆ ಸಾಗಿಸುತ್ತಿದ್ದರು.

ಮಧ್ಯಾಹ್ನ ಮೂರು ಗಂಟೆಯ ಸುಮಾರಿಗೆ ಏರಿಯ ನಡುಭಾಗ ಹೋಯಿತು. ನೀರು ಮೇಲೆ ಹತ್ತಿ, ಹೊರಮೈಯನ್ನು ಕೊರೆದು, ಏರಿಯನ್ನು ತೆಳ್ಳಗೆ ಮಾಡುತ್ತ ಬಂದು, ಕಡೆಗೆ ಒಮ್ಮೆಲೇ ಬಾಯಿ ತೆರೆಯಿತು. ಸರೋವರ ಬಹುತೇಕ ಬರಿದಾಗಲು ಮುಕ್ಕಾಲು ಗಂಟೆ ಸಾಕಾಯಿತೆಂದು ಹಳೆಯ ಗ್ರಂಥಗಳು ಹೇಳುತ್ತವೆ. ಒಂದು ಗಂಟೆಗೂ ಸ್ವಲ್ಪ ಹೆಚ್ಚು ಹಿಡಿಯಿತೆಂದು ಈಚಿನ ಲೆಕ್ಕ. 14 ಮೈಲಿಯ ಕಣಿವೆಯಲ್ಲಿ ನಾನ್ನೂರು ಅಡಿಗೂ ಹೆಚ್ಚಿನ ಇಳಿಜಾರು. ಹಳ್ಳಿಗಳು, ರೈಲುಗಾಡಿಗಳು, ಕಾರ್ಖಾನೆಯೊಂದರ ಮುಳ್ಳುತಂತಿಯ ಸುರುಳಿಗಳು, ಬುಡಸಹಿತ ಮರಗಳು ಎಲ್ಲವೂ ಪ್ರವಾಹದೊಡನೆ ಬಂದುವು. 4 ಗಂಟೆ 7 ನಿಮಿಷಕ್ಕೆ ಅದು ಪಟ್ಟಣವನ್ನು ಹೊಕ್ಕಿತು. ರೈಲ್ವೆಯ ಕಲ್ಲುಸೇತುವೆ ಮಾತ್ರ ಕದಲಲಿಲ್ಲ. ಅದಕ್ಕೆ ತಡೆದು ನಿಂತ ಅವಶೇಷಗಳ ರಾಶಿ ಸುಮಾರು ಮೂವತ್ತು ಎಕರೆಗಳಷ್ಟಾಗಿ, ಸಂಜೆ ಅದಕ್ಕೆ ಬೆಂಕಿ ಹತ್ತಿತು. ಮಡಿದವರಲ್ಲಿ 99 ಕುಟುಂಬಗಳು ಸಂಪೂರ್ಣವಾಗಿ ನಿರ್ಮೂಲವಾದುವು. 777 ಹೆಣಗಳನ್ನು ಯಾರವೆಂದು ಗುರುತಿಸಲಾಗಲಿಲ್ಲ.

ಇಷ್ಟು ಜನರ ಸಾವಿಗೆ ಹೊಣೆ ಯಾರು? ಈ ಪ್ರಶ್ನೆ ನ್ಯಾಯಾಲಯಕ್ಕೆ ಹೋಯಿತು. ಆದರೆ ಕ್ಲಬ್ಬಿನಿಂದಾಗಲಿ ಅದರ ಸದಸ್ಯರಿಂದಾಗಲಿ ನ್ಯಾಯಾಲಯದ ಮೂಲಕ ಯಾರಿಗೂ ಒಂದು ಡಾಲರ್ ಪರಿಹಾರವೂ ದೊರೆಯಲಿಲ್ಲ. ಹಲವು ಸದಸ್ಯರು ತಾವಾಗಿ ದಾನ ಕೊಟ್ಟುದುಂಟು; ಕಾರ್ನೆಗಿ ಊರಿಗೆ ಪುಸ್ತಕಭಂಡಾರವೊಂದನ್ನು ಕಟ್ಟಿಸಿಕೊಟ್ಟನು. ದಾನ ಬೇರೆ, ಹೊಣೆ ಬೇರೆ. ಇಂಗ್ಲೆಂಡಿನಲ್ಲಿ ರೈಲಂಡ್ಸ್ ಮತ್ತು ಫ್ಲೆಚರ್ ಮೊಕದ್ದಮೆಯಲ್ಲಿ, ಗಿರಣಿಯೊಂದರ ಖಾಸಗಿ ಜಲಾಶಯದ ನೀರು ನೆರೆಯವನ ಗಣಿಗೆ ನುಗ್ಗಿದುದನ್ನು ಕುರಿತು, 1868ರಲ್ಲಿ ಲಾರ್ಡ್ಸ್ ಸಭೆಯು ಒಂದು ತತ್ತ್ವವನ್ನು ಎತ್ತಿಹಿಡಿದಿತ್ತು: ಅಪಾಯಕಾರಿಯಾದ ವಸ್ತುವನ್ನು ತನ್ನ ನೆಲದಲ್ಲಿ ಕೂಡಿಹಾಕಿದವನು, ಅದು ತಪ್ಪಿಸಿಕೊಂಡು ಹಾನಿಮಾಡಿದರೆ, ತನ್ನ ಅಜಾಗರೂಕತೆ ರುಜುವಾತಾಗದಿದ್ದರೂ ಹೊಣೆಗಾರನು. ಪೆನ್ಸಿಲ್ವೇನಿಯದ ಉಚ್ಚ ನ್ಯಾಯಾಲಯವು 1886ರಲ್ಲಿ, ಗಣಿಯ ನೀರಿನಿಂದ ತೊರೆ ಕೆಟ್ಟ ಒಂದು ಮೊಕದ್ದಮೆಯಲ್ಲಿ, ಈ ತತ್ತ್ವವನ್ನು ನಿರಾಕರಿಸಿತ್ತು. ಹೀಗಾಗಿ ಅಜಾಗರೂಕತೆಯನ್ನು ಸಾಧಿಸುವ ಭಾರ ಮನೆಮಠ ಕಳೆದುಕೊಂಡವರ ಮೇಲೆಯೇ ಬಿದ್ದಿತು. ಜಾನ್ಸ್‌ಟೌನಿನ ಪ್ರವಾಹದ ತರುವಾಯದ ದಶಕಗಳಲ್ಲಿ ಅಮೆರಿಕದ ಅನೇಕ ರಾಜ್ಯಗಳ ನ್ಯಾಯಾಲಯಗಳು ರೈಲಂಡ್ಸ್ ತತ್ತ್ವದ ಕಡೆಗೆ ಒಲಿದುದನ್ನು ನ್ಯಾಯಚರಿತ್ರಕಾರರು ಈ ದುರಂತದೊಡನೆ ಜೋಡಿಸಿದ್ದಾರೆ.

ಇಲ್ಲಿ ನಮ್ಮ ನಾಡಿಗೆ ಸಮೀಪವಾದ ಒಂದು ಮೊಕದ್ದಮೆಯನ್ನು ಸ್ಮರಿಸುವುದು ಅಪ್ರಸ್ತುತವಾಗಲಾರದು. ಆಗಿನ ಮದರಾಸು ಪ್ರಾಂತದ ಕಾರ್ವೇಟಿನಗರ ಜಮೀನ್ದಾರಿಯಲ್ಲಿ ಮಳೆಗೆ ಕೆರೆಗಳು ಒಡೆದು ಮದ್ರಾಸ್ ರೈಲ್ವೆ ಕಂಪನಿಯ ಸೇತುವೆಗಳನ್ನು ಕೊಚ್ಚಿಕೊಂಡು ಹೋದುವು. ಕಂಪನಿಯು ರೈಲಂಡ್ಸ್ ತತ್ತ್ವವನ್ನು ಮುಂದೊಡ್ಡಿ ಜಮೀನ್ದಾರನ ಮೇಲೆ ದಾವೆ ಹೂಡಿತು. 1874ರಲ್ಲಿ ಪ್ರಿವಿ ಕೌನ್ಸಿಲ್ ಕೊಟ್ಟ ತೀರ್ಪು ಕಂಪನಿಗೆ ಪ್ರತಿಕೂಲವಾಯಿತು. ಈ ದೇಶದ ಕೆರೆಗಳು ಒಡೆಯನ ಸ್ವಂತ ಲಾಭಕ್ಕಾಗಿ ಮಾತ್ರ ಇರುವುವಲ್ಲ. ಅನಾದಿಯಿಂದ ಬಂದ ಅವುಗಳನ್ನು ಉಳಿಸಿ ಕಾಪಾಡುವುದು ಜಮೀನ್ದಾರನ ಕರ್ತವ್ಯ, ತೆಗೆದುಹಾಕುವ ಅಧಿಕಾರ ಅವನಿಗಿಲ್ಲ. ಆದುದರಿಂದ ಅಜಾಗರೂಕತೆ ಸಿದ್ಧವಾದ ಹೊರತು ಅವನು ಹೊಣೆಯಲ್ಲ ಎಂಬುದು ಅದರ ಸಾರಾಂಶ. ನಮ್ಮ ಶಾಸನಗಳನ್ನು ಓದಿದವರಿಗೆ ಈ ಮಾತು ಹೊಸದಲ್ಲ. ಕೆರೆಯ ಪಾಲನೆಗೆಂದು ಬಿಟ್ಟ ಕೆರೆಗೊಡಗೆ, ಕಟ್ಟುಕೊಡಗೆ ಮುಂತಾದ ದತ್ತಿಗಳು ಈ ಕರ್ತವ್ಯದ ಆರ್ಥಿಕ ಮುಖ. ವಿಜಯನಗರದ ಮೊದಲನೆಯ ಬುಕ್ಕನ ಮಗ ಭಾಸ್ಕರನು ಕಡಪ ಸೀಮೆಯ ಪೋರುಮಾಮಿಳ್ಳದಲ್ಲಿ 1369ರಲ್ಲಿ ಹಾಕಿಸಿದ ಸಂಸ್ಕೃತ ಶಾಸನವು ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ತಪ್ಪಿಸಬೇಕಾದ ಆರು ದೋಷಗಳನ್ನೂ ಹೇಳುತ್ತದೆ; ಏರಿಯಿಂದ ನೀರು ಒಸರುವುದು ಆ ಆರರಲ್ಲಿ ಒಂದು. ಫುಲ್ಟನ್ನನು ಸೌತ್ ಫೋರ್ಕಿನಲ್ಲಿ ಕಂಡುದೂ ಅದನ್ನೇ.

ಎರಡು ಮೊಕದ್ದಮೆಗಳಲ್ಲಿಯೂ ನೊಂದವರಿಗೆ ಪರಿಹಾರ ಸಿಗಲಿಲ್ಲವೆಂದು ಅವನ್ನು ಒಂದೇ ತಕ್ಕಡಿಯಲ್ಲಿ ಇಡುವುದು ಸರಿಯಲ್ಲವೆಂದು ನಮ್ಮ ಅಭಿಪ್ರಾಯ. ಕಾರ್ವೇಟಿನಗರದ ಕೆರೆಗೆ ವಿನಾಯಿತಿ ದೊರೆತುದು ಅದರ ಹಿಂದೆ ಅನೇಕರ ಬದುಕಿಗೆ ಸಂಬಂಧಿಸಿದ ಕರ್ತವ್ಯವೊಂದು ಇದ್ದುದರಿಂದ. ಸೌತ್ ಫೋರ್ಕಿನ ಸರೋವರಕ್ಕೆ ಅಂಥ ಯಾವ ಕರ್ತವ್ಯವೂ ಇರಲಿಲ್ಲ. ಅದರ ನೀರಿನಿಂದ ಒಂದು ಗದ್ದೆಯೂ ನೆನೆಯಲಿಲ್ಲ, ಒಂದು ದೋಣಿಯೂ ಸರಕು ಹೊರಲಿಲ್ಲ. ಪ್ರಿವಿ ಕೌನ್ಸಿಲ್ಲಿನ ತರ್ಕವನ್ನು ಅನುಸರಿಸಿದ್ದರೂ ಕ್ಲಬ್ಬಿಗೆ ರಕ್ಷಣೆ ದೊರೆಯುತ್ತಿರಲಿಲ್ಲ. ಭಾರತದಲ್ಲಿ ಈ ವಿಷಯದ ಚಿಂತನೆ ಅಲ್ಲಿಗೇ ನಿಲ್ಲಲಿಲ್ಲವೆಂಬುದನ್ನೂ ಹೇಳಬೇಕು: 1986ರಲ್ಲಿ, ದೆಹಲಿಯ ಕಾರ್ಖಾನೆಯೊಂದರ ವಿಷಾನಿಲವನ್ನು ಕುರಿತ ಮೆಹ್ತಾ ಮೊಕದ್ದಮೆಯಲ್ಲಿ, ಸರ್ವೋಚ್ಚ ನ್ಯಾಯಾಲಯವು ಅಪಾಯಕರವಾದ ಉದ್ಯಮಗಳ ಮಟ್ಟಿಗೆ ರೈಲಂಡ್ಸ್ ತತ್ತ್ವಕ್ಕಿಂತಲೂ ಕಠಿನವಾದ, ಅಪವಾದಗಳಿಲ್ಲದ ಹೊಣೆಯನ್ನು ವಿಧಿಸಿತು.

ಕ್ಲಬ್ಬಿನ ನೆರವಿಗೆ ಬಂದುದು ಕಾನೂನು ಮಾತ್ರವಲ್ಲ. ಅಮೆರಿಕದ ಸಿವಿಲ್ ಎಂಜಿನಿಯರುಗಳ ಸಂಘವು ನೇಮಿಸಿದ ಸಮಿತಿಯ ವರದಿ 1890ರಲ್ಲಿಯೇ ಸಿದ್ಧವಾಗಿದ್ದರೂ ಪ್ರಕಟವಾದುದು 1891ರಲ್ಲಿ. ಕ್ಲಬ್ಬಿನವರು ಮಾಡಿದ ಮಾರ್ಪಾಟುಗಳನ್ನು ಅದು ಒಪ್ಪಿಕೊಂಡರೂ, ಮೂಲದಲ್ಲಿ ಇದ್ದಂತೆಯೇ ಇದ್ದಿದ್ದರೂ ಕಟ್ಟೆ ಆ ಮಳೆಗೆ ಒಡೆಯುತ್ತಲೇ ಇತ್ತು ಎಂದು ತೀರ್ಮಾನಿಸಿತು. ಈ ಒಂದು ವಾಕ್ಯದ ಪ್ರಭಾವ ನೂರು ವರ್ಷಗಳಿಗೂ ಮೀರಿ ಉಳಿಯಿತು. ಮಾನವನ ತಪ್ಪು ದೈವದ ಖಾತೆಗೆ ಜಮೆಯಾಯಿತು. 2016ರಲ್ಲಿ ಕೋಲ್ಮನ್ ಮತ್ತು ಅವರ ಸಹಚರರು ಪ್ರಕಟಿಸಿದ ಸಂಶೋಧನೆ ಈ ತೀರ್ಮಾನವನ್ನು ಮರುಪರೀಕ್ಷೆಗೆ ಒಳಪಡಿಸಿತು. ಸ್ಥಳದಲ್ಲಿ ಉಳಿದಿರುವ ಏರಿಯ ಭಾಗಗಳನ್ನು ಅಳೆದು, ನೆತ್ತಿಯನ್ನು ಸುಮಾರು ಮೂರು ಅಡಿ ತಗ್ಗಿಸಲಾಗಿತ್ತೆಂದೂ, ಇದರಿಂದ ಕಟ್ಟೆಯ ಸುರಕ್ಷಿತ ಹರಿವಿನ ಸಾಮರ್ಥ್ಯ ಸುಮಾರು ಅರ್ಧಕ್ಕೆ ಇಳಿದಿತ್ತೆಂದೂ, ಪಶ್ಚಿಮದ ಎರಡನೆಯ ಕೋಡಿಯನ್ನು ಹಳೆಯ ಸಮಿತಿ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲವೆಂದೂ ಅವರು ತೋರಿಸಿದ್ದಾರೆ. ಮೂಲ ರೂಪದಲ್ಲಿದ್ದಿದ್ದರೆ ಕಟ್ಟೆ ಅಂದಿನ ಮಳೆಯನ್ನು ತಾಳಿಕೊಳ್ಳಬಹುದಾಗಿತ್ತೆಂಬುದು ಅವರ ನಿರ್ಣಯ. ಲೆಕ್ಕದ ವಿವರಗಳನ್ನು ಪರೀಕ್ಷಿಸುವುದು ಜಲಶಾಸ್ತ್ರಜ್ಞರ ಕೆಲಸ; ಆದರೆ ಮೊದಲ ವರದಿಯ ಅಧಿಕೃತತೆಗೆ ಮಾರುಹೋಗಿ ಚರಿತ್ರಕಾರರು ಇಷ್ಟು ಕಾಲ ನೆಲವನ್ನೇ ಅಳೆಯದೆ ಉಳಿದುದು ನಮ್ಮ ವೃತ್ತಿಗೆ ಹೆಮ್ಮೆಯ ಸಂಗತಿಯಲ್ಲ.

ಸೌತ್ ಫೋರ್ಕ್ ಒಂಟಿಯಾದ ಉದಾಹರಣೆಯಲ್ಲ. 1977ರ ನವೆಂಬರ್ 6ರ ನಡುರಾತ್ರಿಯ ಮೇಲೆ ಜಾರ್ಜಿಯ ರಾಜ್ಯದ ಟೊಕೋವದಲ್ಲಿ ಕೆಲ್ಲಿ ಬಾರ್ನ್ಸ್ ಎಂಬ, ಇದಕ್ಕಿಂತ ಬಹು ಚಿಕ್ಕದಾದ ಮಣ್ಣಿನ ಕಟ್ಟೆ ಒಡೆದು 39 ಜನ ಸತ್ತರು. ಅದೂ ಮೊದಲು ವಿದ್ಯುತ್ತಿಗಾಗಿ ಕಟ್ಟಿದುದು. 1957ರಲ್ಲಿ ವಿದ್ಯುತ್ತಿನ ಕೆಲಸ ನಿಂತ ಮೇಲೆ ವಿಹಾರಕ್ಕೆಂದು ಉಳಿದುಕೊಂಡಿತ್ತು. ಅದರ ಒಡೆತನವೂ ಖಾಸಗಿಯದು. ಆ ವರ್ಷವೇ ಅಧ್ಯಕ್ಷ ಕಾರ್ಟರ್ ಅವರ ಆಜ್ಞೆಯಂತೆ ಸೈನ್ಯದ ಎಂಜಿನಿಯರುಗಳು ಅಪಾಯಸ್ಥಾನದಲ್ಲಿದ್ದ ಕಟ್ಟೆಗಳ ಪರೀಕ್ಷೆಯನ್ನು ಆರಂಭಿಸಿದರು. 1981ರ ವೇಳೆಗೆ ಸುಮಾರು ಒಂಬತ್ತು ಸಾವಿರ ಕಟ್ಟೆಗಳನ್ನು ನೋಡಿ, ಅವುಗಳಲ್ಲಿ ಸುಮಾರು ಮೂರರಲ್ಲೊಂದು ಭಾಗ ಭದ್ರವಲ್ಲವೆಂದು ವರದಿಮಾಡಿದರು. ನಮ್ಮಲ್ಲಿ 2021ರ ಅಣೆಕಟ್ಟು ಸುರಕ್ಷತಾ ಕಾಯಿದೆ 15 ಮೀಟರಿಗಿಂತ ಎತ್ತರವಾದುವಕ್ಕೂ, ಕೆಲವು ನಿಬಂಧನೆಗಳಿಗೆ ಒಳಪಟ್ಟು 10ರಿಂದ 15 ಮೀಟರಿನವಕ್ಕೂ ಅನ್ವಯಿಸುತ್ತದೆ. ಅದಕ್ಕಿಂತ ತಗ್ಗಿನ ಏರಿಗಳು, ಎಂದರೆ ಊರಿನ ಸಾಮಾನ್ಯ ಕೆರೆಗಳೂ ತೋಟದ ಹೊಂಡಗಳೂ, ಆ ಕಾಯಿದೆಯ ಹೊರಗೆ ಉಳಿದಿವೆ.

ಸೌತ್ ಫೋರ್ಕಿನ ಏರಿಯ ಎರಡು ತುದಿಗಳು ಇಂದಿಗೂ ನಿಂತಿವೆ. 1964ರಲ್ಲಿ ಆ ಸ್ಥಳವನ್ನು ರಾಷ್ಟ್ರೀಯ ಸ್ಮಾರಕವೆಂದು ಸಾರಲಾಯಿತು. ನಡುವಿನ ತೆರವಿನಲ್ಲಿ ತೊರೆಯೂ ರೈಲುಹಳಿಯೂ ಒಂದರ ಪಕ್ಕದಲ್ಲೊಂದು ಸಾಗಿವೆ; ಕೆರೆಯಂಗಳವಾಗಿದ್ದಲ್ಲಿ ಈಗ ಸೇಂಟ್ ಮೈಕೇಲ್ ಎಂಬ ಹಳ್ಳಿಯ ಮನೆಗಳಿವೆ, ಅವುಗಳ ನಡುವೆ ಕ್ಲಬ್ಬಿನ ಹಳೆಯ ಭವನವೂ ಇದೆ.